ಓದುಗರ ಪ್ರಶ್ನೆ, ನಮ್ಮ ಉತ್ತರ: ಬೀಡುಕಬ್ಬಿಣ ಮತ್ತು ಉಕ್ಕಿನ ಒಳರಚನೆ

ಕಬ್ಬಿಣ ಮತ್ತು ಉಕ್ಕಿನ ಗುಣಗಳನ್ನು ಕುರಿತು ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉದ್ದವಾದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಒಂದು ಉತ್ತರದಲ್ಲಿ ವಿವರಿಸಿದ ವಿಷಯವನ್ನು ಮತ್ತೊಂದರಲ್ಲಿ ಪುನಃ ಹೇಳದಿರುವುದರಿಂದ, ಮೊದಲ ಉತ್ತರದಿಂದಲೇ ಓದಿಕೊಂಡು ಬರುವುದು ಒಳ್ಳೆಯದು.

ಪ್ರಶ್ನೆ: ನಮ್ಮ ವರ್ಕ್‌ಶಾಪಿಗೆ ಒಂದೇ ಫೌಂಡ್ರಿಯಿಂದ ಬೇರಿಂಗ್ ಹೌಸಿಂಗಿನ ಎರಕಗಳು ಬರುತ್ತವೆ. ಗ್ರೇಡ್ ಎಫ್‌ಜಿ 260, ಎಂದರೆ 260 ಮೆಗಾಪಾಸ್ಕಲ್ ಎಳೆತ ತಾಳಬೇಕಾದ ದರ್ಜೆ. ಎರಡು ಲಾಟುಗಳ ಸ್ಪೆಕ್ಟ್ರೋಮೀಟರ್ ವರದಿ ಹೆಚ್ಚುಕಡಿಮೆ ಒಂದೇ: ಇಂಗಾಲ ಶೇ 3.3, ಸಿಲಿಕಾನ್ ಶೇ 2.0, ಮ್ಯಾಂಗನೀಸ್ ಶೇ 0.7. ಮೊದಲ ಲಾಟು ಸಲೀಸಾಗಿ ಮೆಷೀನಿಂಗ್ ಆಯಿತು. ಎರಡನೆಯ ಲಾಟಿನ ತೆಳುವಾದ ಅಂಚಿನಲ್ಲಿ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಮುರಿಯುತ್ತದೆ. ಅದೇ ಎರಕದ ದಪ್ಪ ಭಾಗದಿಂದ ತುಂಡು ಕತ್ತರಿಸಿ ಎಳೆದು ನೋಡಿದರೆ 200 ಮೆಗಾಪಾಸ್ಕಲ್‌ಗೇ ತುಂಡಾಗುತ್ತದೆ. ಫೌಂಡ್ರಿಯವರು ವರದಿಯನ್ನು ಮುಂದಿಟ್ಟು ಎಲ್ಲವೂ ಸರಿಯಿದೆ ಎನ್ನುತ್ತಾರೆ. ಯಾರನ್ನು ನಂಬಬೇಕು?
– ವರ್ಕ್‌ಶಾಪ್ ಮಾಲೀಕರು, ಬೆಳಗಾವಿ

ಉತ್ತರ: ವರದಿಯೂ ನಿಜ, ನಿಮ್ಮ ಮುರಿದ ಡ್ರಿಲ್ ಬಿಟ್ಟೂ ನಿಜ. ಎರಕದಲ್ಲಿ ಇಂಗಾಲ ಎಷ್ಟಿದೆ ಎಂಬುದನ್ನು ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಆ ಇಂಗಾಲ ಯಾವ ರೂಪದಲ್ಲಿ ಕುಳಿತಿದೆ ಎಂಬುದನ್ನು ಅದು ಹೇಳಲಾರದು. ಅಷ್ಟೇ ಅಲ್ಲ, ಸ್ಪೆಕ್ಟ್ರೋಮೀಟರಿಗೆ ಕೊಡುವ ಚಪ್ಪಟೆ ಬಿಲ್ಲೆಯನ್ನು ತಾಮ್ರದ ಅಚ್ಚಿಗೆ ಸುರಿದು ತಟ್ಟನೆ ತಣಿಸಿರುತ್ತಾರೆ, ಏಕೆಂದರೆ ಗ್ರ್ಯಾಫೈಟ್ ಬಿಡಿಯಾಗಿ ಬೇರ್ಪಟ್ಟಿದ್ದರೆ ಇಂಗಾಲದ ಅಳತೆ ಸರಿಯಾಗಿ ಬರುವುದಿಲ್ಲ. ಎಂದರೆ ಪರೀಕ್ಷೆಗೆ ಹೋದ ಬಿಲ್ಲೆಯಲ್ಲಿ ಗ್ರ್ಯಾಫೈಟೇ ಇರುವುದಿಲ್ಲ. ನಿಮ್ಮ ಎರಕದ ಗುಣವಾದರೋ ಬಹುಪಾಲು ಗ್ರ್ಯಾಫೈಟಿನ ಮೇಲೆಯೇ ನಿಂತಿದೆ.

ಕರಗಿದ ಬೀಡುಕಬ್ಬಿಣ ಗಟ್ಟಿಯಾಗುವಾಗ ಅದರಲ್ಲಿರುವ ಇಂಗಾಲಕ್ಕೆ ಎರಡು ದಾರಿಗಳಿವೆ. ನಿಧಾನವಾಗಿ ತಣಿದರೆ, ಸಿಲಿಕಾನಿನ ನೆರವೂ ಇದ್ದರೆ, ಅದು ಗ್ರ್ಯಾಫೈಟಾಗಿ ಬೇರ್ಪಡುತ್ತದೆ. ಬೇಗ ತಣಿದರೆ ಕಬ್ಬಿಣದೊಂದಿಗೇ ಸೇರಿ, ಮೂರು ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲದ ಪರಮಾಣುವಿನಂತೆ, ಸಿಮೆಂಟೈಟ್ ಎಂಬ ಸಂಯುಕ್ತವಾಗುತ್ತದೆ. ಗ್ರ್ಯಾಫೈಟ್ ಉಗುರಿನಿಂದ ಕೆರೆದರೆ ಬರುವಷ್ಟು ಮೆದು. ಸಿಮೆಂಟೈಟಿನ ಗಡಸುತನ ವಿಕರ್ಸ್ ಮಾನದಲ್ಲಿ 800ಕ್ಕೂ ಮೇಲೆ. ಗ್ರ್ಯಾಫೈಟಿರುವ ಎರಕ ಮುರಿದಾಗ ಬೂದುಬಣ್ಣ ಕಾಣುವುದರಿಂದ ಅದು ಬೂದು ಬೀಡು, ಸಿಮೆಂಟೈಟೇ ತುಂಬಿದ್ದರೆ ಬಿಳಿ ಬೀಡು. ನಿಮ್ಮ ಎರಡನೆಯ ಲಾಟಿನ ತೆಳು ಅಂಚು ಮರಳಿನ ಅಚ್ಚಿನಲ್ಲಿ ಬೇಗ ತಣಿದು ಬಿಳಿಯಾಗಿದೆ. ಫೌಂಡ್ರಿಯಲ್ಲಿ ಇದಕ್ಕೆ ಚಿಲ್ ಹೊಡೆಯುವುದು ಎನ್ನುತ್ತಾರೆ. ಸಾಮಾನ್ಯ ಹೈಸ್ಪೀಡ್ ಸ್ಟೀಲಿನ ಬಿಟ್ಟು ಅದರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ದಪ್ಪ ಭಾಗ ಏಕೆ ದುರ್ಬಲವಾಯಿತು? ಅಲ್ಲಿ ಗ್ರ್ಯಾಫೈಟ್ ಬಂದಿದೆ, ಆದರೆ ಬೇಡದ ರೂಪದಲ್ಲಿ ಬಂದಿರಬೇಕು. ಒಳ್ಳೆಯ ಬೂದು ಬೀಡಿನಲ್ಲಿ ಗ್ರ್ಯಾಫೈಟಿನ ಪದರುಗಳು ಸಣ್ಣದಾಗಿ, ಎಲ್ಲ ದಿಕ್ಕಿಗೂ ಸಮನಾಗಿ ಚೆದುರಿರುತ್ತವೆ. ಇದನ್ನು ಎ ಮಾದರಿ ಎಂದು ಗುರುತಿಸುತ್ತಾರೆ. ಈ ಪದರುಗಳು ಉದ್ದವಾಗಿ, ದಪ್ಪವಾಗಿ ಬೆಳೆದರೆ ಎಳೆತಕ್ಕೆ ಲೋಹ ಬೇಗ ಸೋಲುತ್ತದೆ. ಇಂಗಾಲದ ತೂಕ ಶೇ 3ರ ಆಸುಪಾಸು ಇದ್ದರೂ ಗ್ರ್ಯಾಫೈಟ್ ಬಹಳ ಹಗುರವಾದ್ದರಿಂದ ಗಾತ್ರದಲ್ಲಿ ಅದು ಎರಕದ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲನ್ನು ಆಕ್ರಮಿಸುತ್ತದೆ ಎಂಬುದನ್ನು ನೆನಪಿಡಬೇಕು. ಬಟ್ಟೆ ಅಂಗಡಿಯವರು ಥಾನನ್ನು ಹರಿಯುವ ಮೊದಲು ಅಂಚಿಗೆ ಕತ್ತರಿಯಿಂದ ಒಂದು ಗೀರು ಕೊಡುವ ಹಾಗೆ, ಒಂದೊಂದು ಪದರಿನ ಚೂಪು ತುದಿಯೂ ಬಿರುಕಿಗೆ ಮೊದಲೇ ದಾರಿ ತೆರೆದಿಟ್ಟಿರುತ್ತದೆ. ಪದರು ಉದ್ದವಾದಷ್ಟೂ ಗೀರು ದೊಡ್ಡದು.

ಎರಡೂ ದೋಷಗಳು ಒಂದೇ ಎರಕದಲ್ಲಿ ಕಂಡಿರುವುದರಿಂದ ನಮ್ಮ ಅನುಮಾನ ಇನಾಕ್ಯುಲೇಷನ್ ಮೇಲೆ ಹೋಗುತ್ತದೆ. ಸುರಿಯುವ ಮುನ್ನ, ಕರಗಿದ ಲೋಹ ತುಂಬಿದ ಪಾತ್ರೆಯಾದ ಲ್ಯಾಡಲ್‌ಗೆ ಕಬ್ಬಿಣ ಮತ್ತು ಸಿಲಿಕಾನ್ ಬೆರೆತ ಫೆರೊಸಿಲಿಕಾನ್ ಪುಡಿಯನ್ನು ಸ್ವಲ್ಪ ಹಾಕಿದಾಗ ಗ್ರ್ಯಾಫೈಟ್ ಹುಟ್ಟಲು ಅಸಂಖ್ಯ ನೆಲೆಗಳು ದೊರೆಯುತ್ತವೆ. ತೆಳು ಭಾಗದಲ್ಲಿ ಚಿಲ್ ತಪ್ಪುತ್ತದೆ, ದಪ್ಪ ಭಾಗದಲ್ಲಿ ಪದರುಗಳು ಸಣ್ಣವಾಗುತ್ತವೆ. ಆದರೆ ಈ ಪರಿಣಾಮ ಹತ್ತು ಹದಿನೈದು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಲ್ಯಾಡಲ್ ಕಾಯುತ್ತಾ ನಿಂತಿದ್ದರೆ, ಅಥವಾ ಇಂಡಕ್ಷನ್ ಕುಲುಮೆಯಲ್ಲಿ ಲೋಹವನ್ನು ಅತಿ ಬಿಸಿ ಮಾಡಿ ಬಹಳ ಹೊತ್ತು ಹಿಡಿದಿಟ್ಟಿದ್ದರೆ, ವರದಿಯಲ್ಲಿ ಒಂದು ಅಂಕಿಯೂ ಬದಲಾಗದೆ ಎರಕದ ಗುಣ ಮಾತ್ರ ಬದಲಾಗುತ್ತದೆ.

ಇನ್ನೊಂದು ಮಾತನ್ನು ಫೌಂಡ್ರಿಯವರ ಪರವಾಗಿಯೂ ಹೇಳಬೇಕು. ಎಫ್‌ಜಿ 260 ಎಂದರೆ 260 ಮೆಗಾಪಾಸ್ಕಲ್ ಎಂಬುದು ಪ್ರತ್ಯೇಕವಾಗಿ ಸುರಿದ 30 ಮಿಲಿಮೀಟರ್ ವ್ಯಾಸದ ಪರೀಕ್ಷಾ ಸರಳಿಗೆ ಅನ್ವಯಿಸುವ ಸಂಖ್ಯೆ. ಅದಕ್ಕಿಂತ ದಪ್ಪವಾದ ಭಾಗ ನಿಧಾನವಾಗಿ ತಣಿದು ಸ್ವಲ್ಪ ಕಡಿಮೆ ಬಲ ತೋರಿಸುವುದು ಸಹಜ. ಸರಳು ಪಾಸಾಗಿ ಎರಕ ಸೋತರೆ ಕಾಗದದ ಪ್ರಕಾರ ಅವರದು ತಪ್ಪಲ್ಲ. ಮುಂದಿನ ಆರ್ಡರಿನಲ್ಲಿ ರಾಸಾಯನಿಕ ವರದಿಯ ಜೊತೆಗೆ ಮೂರು ಸಂಗತಿಗಳನ್ನು ಬರೆಯಿಸಿ: ಎರಕದ ನಿರ್ದಿಷ್ಟ ಜಾಗದ ಬ್ರಿನೆಲ್ ಗಡಸುತನ, ಗ್ರ್ಯಾಫೈಟಿನ ಮಾದರಿ ಮತ್ತು ಗಾತ್ರ, ಹಾಗೂ ಪ್ರತಿ ಹೀಟಿಗೂ (ಒಂದು ಸಲಕ್ಕೆ ಕರಗಿಸಿದ ಲೋಹಕ್ಕೂ) ಬೆಣೆಯಾಕಾರದ ಚಿಲ್ ಪರೀಕ್ಷೆ. ಬೆಣೆಯನ್ನು ಮುರಿದು ಚೂಪು ತುದಿಯಲ್ಲಿ ಬಿಳಿ ಎಷ್ಟು ಅಗಲಕ್ಕಿದೆ ಎಂದು ನೋಡಲು ಒಂದು ಸ್ಕೇಲು ಸಾಕು.

ಪ್ರಶ್ನೆ: ಫೆರೈಟ್, ಪರ್ಲೈಟ್, ಸಿಮೆಂಟೈಟ್ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯುತ್ತೇವೆ. ಇವನ್ನು ಕಣ್ಣಿನಿಂದ ನೋಡಲು ಸಾಧ್ಯವೆ? ನೋಡಿದ ಮಾತ್ರಕ್ಕೆ ಲೋಹದ ಬಲವನ್ನು ಹೇಳಬಹುದೆ?
– ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನೋಡಲು ಸಾಧ್ಯ, ಮತ್ತು ಒಮ್ಮೆ ನೋಡಿದರೆ ಪುಸ್ತಕದ ಆ ಅಧ್ಯಾಯ ಮತ್ತೆ ಮರೆಯುವುದಿಲ್ಲ. ಉಕ್ಕಿನ ಸಣ್ಣ ತುಂಡನ್ನು, ಬಿಸಿಯಾಗದಂತೆ ನೀರು ಬಿಡುತ್ತಾ ಕತ್ತರಿಸಿ, ಎಮರಿ ಕಾಗದದ ಮೇಲೆ ಒರಟಿನಿಂದ ನಯದ ಕಡೆಗೆ ಉಜ್ಜುತ್ತಾ ಹೋಗಬೇಕು. ಪ್ರತಿ ಸಲ ಕಾಗದ ಬದಲಿಸಿದಾಗ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೆರೆಗಳು ಪೂರ್ತಿ ಅಳಿಯುವವರೆಗೂ ಉಜ್ಜಬೇಕು; ಅವಸರ ಮಾಡುವವರು ಕೆಡುವುದು ಇಲ್ಲಿಯೇ. ಕೊನೆಗೆ ಮಖಮಲ್ ಬಟ್ಟೆಯ ಮೇಲೆ ಅಲ್ಯೂಮಿನಾ ಅಥವಾ ವಜ್ರದ ಪುಡಿಯ ಲೇಪದಿಂದ ಕನ್ನಡಿಯ ಹೊಳಪು ತರಬೇಕು. ಬೀಡುಕಬ್ಬಿಣವಾದರೆ ಈ ಹಂತದಲ್ಲಿಯೇ, ಏನನ್ನೂ ಹಚ್ಚದೆ, ಗ್ರ್ಯಾಫೈಟನ್ನು ನೋಡಿಬಿಡಬೇಕು: ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಎಳೆಗಳು ಕಾಣುತ್ತವೆ. ಉಕ್ಕಿನಲ್ಲಿ ಮಾತ್ರ ಮೊದಲಿಗೆ ಬರೀ ಬಿಳಿ. ಆಲ್ಕೊಹಾಲಿನಲ್ಲಿ ಶೇ 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್ ಎಂಬ ದ್ರವದಲ್ಲಿ ಕೆಲವೇ ಸೆಕೆಂಡು ಅದ್ದಿ, ತೊಳೆದು, ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಣಗಳ ಎಲ್ಲೆಗಳು ಮೂಡಿರುತ್ತವೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹೆನ್ರಿ ಕ್ಲಿಫ್ಟನ್ ಸೋರ್ಬಿ 1863ರ ಸುಮಾರಿಗೆ ಉಕ್ಕನ್ನು ಹೀಗೆಯೇ ನಯಗೊಳಿಸಿ ಆಮ್ಲ ತಾಗಿಸಿ ನೋಡಿದರು. ಇಂದಿಗೂ ವಿಧಾನ ಮೂಲತಃ ಅದೇ.

100 ಪಟ್ಟು ದೊಡ್ಡದಾಗಿ ನೋಡಿದಾಗ ತಿಳಿಯಾಗಿ ಕಾಣುವ ಕಣಗಳು ಫೆರೈಟ್, ಹೆಚ್ಚುಕಡಿಮೆ ಶುದ್ಧ ಕಬ್ಬಿಣ. ಕಪ್ಪಗೆ ಕಾಣುವ ಭಾಗ ಪರ್ಲೈಟ್. ಅದನ್ನು 500 ಅಥವಾ 1000 ಪಟ್ಟಿಗೆ ಏರಿಸಿದರೆ ಕಪ್ಪು ಬಿಡಿಸಿಕೊಂಡು ಒಂದರ ಪಕ್ಕ ಒಂದು ಜೋಡಿಸಿದ ಗೆರೆಗಳಾಗುತ್ತದೆ: ಒಂದು ಫೆರೈಟಿನ ಹಾಳೆ, ಒಂದು ಸಿಮೆಂಟೈಟಿನ ಹಾಳೆ, ಹೀಗೆಯೇ ಮುಂದಕ್ಕೆ. ಉಕ್ಕು 727 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ನಿಧಾನವಾಗಿ ಇಳಿಯುವಾಗ, ಅಲ್ಲಿಯವರೆಗೆ ಇಂಗಾಲವನ್ನು ಕರಗಿಸಿ ಇಟ್ಟುಕೊಂಡಿದ್ದ ಆಸ್ಟಿನೈಟ್ ಹೀಗೆ ಎರಡಾಗಿ ಒಡೆಯುತ್ತದೆ. ಇಂಗಾಲ ಶೇ 0.8ರ ಹತ್ತಿರವಿದ್ದರೆ ಎಲ್ಲವೂ ಪರ್ಲೈಟ್, ಶೇ 0.4 ಇದ್ದರೆ ಸರಿಸುಮಾರು ಅರ್ಧ. ಹೀಗಾಗಿ ನಿಧಾನವಾಗಿ ತಣಿದ ಸಾಮಾನ್ಯ ಉಕ್ಕಿನಲ್ಲಿ ಕಪ್ಪು ಭಾಗದ ಪ್ರಮಾಣವನ್ನು ನೋಡಿ ಇಂಗಾಲವನ್ನೂ ಗಡಸುತನವನ್ನೂ ಅಂದಾಜು ಮಾಡಬಹುದು. ಫೆರೈಟಿನ ಗಡಸುತನ ವಿಕರ್ಸ್ ಮಾನದಲ್ಲಿ 100ರ ಆಸುಪಾಸು, ಪರ್ಲೈಟಿನದು 200ರಿಂದ 300.

ಆದರೆ ಪ್ರಮಾಣವೊಂದೇ ಸಾಲದು, ಹಾಳೆಗಳ ನಡುವಣ ಅಂತರವೂ ಮುಖ್ಯ. ಬೇಗ ತಣಿದಷ್ಟೂ ಹಾಳೆಗಳು ಒತ್ತೊತ್ತಾಗಿ ಬಲ ಏರುತ್ತದೆ. ಪಿಯಾನೊ ತಂತಿಯಲ್ಲಿರುವುದೂ ಪರ್ಲೈಟೇ. ಅಂತರ ಅತಿ ಕಿರಿದಾಗಿರುವ ಆ ಪರ್ಲೈಟನ್ನು ತಣ್ಣಗಿರುವಾಗಲೇ ಜಗ್ಗಿ ಜಗ್ಗಿ ಎಳೆದಾಗ ಅದರ ಕರ್ಷಣ ಸಾಮರ್ಥ್ಯ (ಎಳೆತಕ್ಕೆ ತಾಳುವ ಶಕ್ತಿ) 2000 ಮೆಗಾಪಾಸ್ಕಲನ್ನು ದಾಟುತ್ತದೆ. ಇನ್ನು ಫೆರೈಟಿನ ಕಣಗಳು ಸಣ್ಣವಾದಷ್ಟೂ ಉಕ್ಕು ಬಲಿಷ್ಠವಾಗುತ್ತದೆ ಎಂಬುದನ್ನು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ಸೂತ್ರರೂಪಕ್ಕೆ ತಂದರು. ಲೋಹಕ್ಕೆ ಬಲ ಹೆಚ್ಚಿಸುವ ಬೇರೆ ಉಪಾಯಗಳೆಲ್ಲ ಸಾಮಾನ್ಯವಾಗಿ ಪೆಡಸುತನವನ್ನೂ ಕಟ್ಟಿಕೊಂಡೇ ಬರುತ್ತವೆ. ಕಣಗಳನ್ನು ಸಣ್ಣಗೊಳಿಸುವುದರಲ್ಲಿ ಮಾತ್ರ ಬಲ ಮತ್ತು ಜಿಗುಟುತನ ಎರಡೂ ಒಟ್ಟಿಗೆ ಏರುತ್ತವೆ. ಪರೀಕ್ಷೆಗೆ ಬೇಕಿರಲಿ ಬೇಡದಿರಲಿ, ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಮೊದಲು ನೀರು ಸರಬರಾಜಿಗೆ ಹಾಕುತ್ತಿದ್ದ ಬೀಡಿನ ಪೈಪುಗಳು ಲಾರಿಯಿಂದ ಇಳಿಸುವಾಗ ಬಿದ್ದರೆ ಸೀಳುತ್ತಿದ್ದವು. ಈಗಿನ ಡಿಐ (ಡಕ್ಟೈಲ್ ಐರನ್) ಪೈಪು ಬಿದ್ದರೆ ತಗ್ಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಇದೂ ಬೀಡು, ಅದೂ ಬೀಡು ಎನ್ನುತ್ತಾರೆ. ವ್ಯತ್ಯಾಸವೇನು?
– ಪೈಪ್‌ಲೈನ್ ಗುತ್ತಿಗೆದಾರರು, ದಾವಣಗೆರೆ

ಉತ್ತರ: ಇಂಗಾಲ ಮತ್ತು ಸಿಲಿಕಾನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ಹೊಸ ಪೈಪಿನಲ್ಲಿ ಹೆಚ್ಚಾಗಿರುವುದು ಶೇ 0.04ರ ಆಸುಪಾಸಿನ ಮೆಗ್ನೀಸಿಯಂ. ಆ ಚಿಟಿಕೆಯಷ್ಟು ಮೆಗ್ನೀಸಿಯಂ ಗ್ರ್ಯಾಫೈಟನ್ನು ಪದರಾಗಿ ಹರಡಲು ಬಿಡದೆ ಉಂಡೆ ಕಟ್ಟಿಸುತ್ತದೆ. ಉಂಡೆಗೆ ಚೂಪು ತುದಿಯಿಲ್ಲ. ಆದ್ದರಿಂದ ಒತ್ತಡ ಒಂದೆಡೆ ಸೇರಿ ಬಿರುಕು ತೆರೆಯುವ ಅವಕಾಶ ಬಹಳ ಕಡಿಮೆ, ಮತ್ತು ಉಂಡೆಗಳ ನಡುವಣ ಕಬ್ಬಿಣ ಎಡೆಬಿಡದೆ ಕೂಡಿಕೊಂಡಿರುವುದರಿಂದ ಅದು ಉಕ್ಕಿನಂತೆ ಹಿಗ್ಗಬಲ್ಲದು. ಬೂದು ಬೀಡು ತುಂಡಾಗುವ ಮುನ್ನ ಶೇ 1ರಷ್ಟೂ ಹಿಗ್ಗುವುದಿಲ್ಲ. ಡಿಐ ಪೈಪಿಗೆ ನಮ್ಮ ಭಾರತೀಯ ಮಾನಕ ಕೇಳುವುದು ಕನಿಷ್ಠ 420 ಮೆಗಾಪಾಸ್ಕಲ್ ಕರ್ಷಣ ಸಾಮರ್ಥ್ಯ ಮತ್ತು ಸಾಮಾನ್ಯ ವ್ಯಾಸಗಳಲ್ಲಿ ಕನಿಷ್ಠ ಶೇ 10 ಹಿಗ್ಗುವಿಕೆ.

ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿ ಕೀತ್ ಮಿಲಿಸ್ 1943ರಲ್ಲಿ ಮೆಗ್ನೀಸಿಯಂ ಸೇರಿಸಿ ಗ್ರ್ಯಾಫೈಟ್ ಉಂಡೆಗಳನ್ನು ಪಡೆದರು. ಅತ್ತ ಬ್ರಿಟನ್ನಿನಲ್ಲಿ ಹೆಂಟನ್ ಮೊರೊಗ್ ಸೀರಿಯಂ ಬಳಸಿ ಇದೇ ಫಲ ಕಂಡಿದ್ದರು. 1948ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಎರಕ ತಂತ್ರಜ್ಞರ ಸಭೆಯಲ್ಲಿ ಎರಡೂ ವಿಷಯ ಹೊರಬಂದವು. ಕೊನೆಗೆ ಗೆದ್ದದ್ದು ಮೆಗ್ನೀಸಿಯಂ. ಅದನ್ನು ಸಂಭಾಳಿಸುವುದು ಸುಲಭವಲ್ಲ: ಅದು ಕುದಿಯುವುದು 1100 ಡಿಗ್ರಿಯ ಹತ್ತಿರ, ಲ್ಯಾಡಲ್‌ನಲ್ಲಿರುವ ಕಬ್ಬಿಣ 1450 ಡಿಗ್ರಿಗೂ ಮೇಲೆ. ಹಾಗೆಯೇ ಹಾಕಿದರೆ ಬೆಳ್ಳನೆಯ ಬೆಳಕಿನೊಂದಿಗೆ ಸಿಡಿದು ಆವಿಯಾಗಿ ಹೋಗುತ್ತದೆ. ಅದಕ್ಕೇ ಫೆರೊಸಿಲಿಕಾನಿನಲ್ಲಿ ಬೆರೆಸಿದ ಮೆಗ್ನೀಸಿಯಂ ಗಟ್ಟಿಗಳನ್ನು ಲ್ಯಾಡಲ್‌ನ ತಳದ ಗುಂಡಿಯಲ್ಲಿಟ್ಟು, ಮೇಲೆ ಉಕ್ಕಿನ ಚೂರುಗಳನ್ನು ಮುಚ್ಚಿ, ಆಮೇಲೆ ಲೋಹ ಸುರಿಯುತ್ತಾರೆ. ಸುರಿದ ನಂತರವೂ ಮೆಗ್ನೀಸಿಯಂ ಕ್ಷಣಕ್ಷಣಕ್ಕೆ ಕಡಿಮೆಯಾಗುತ್ತಿರುತ್ತದೆ. ಒಂದೇ ಲ್ಯಾಡಲ್‌ನ ಮೊದಲ ಅಚ್ಚಿಗೆ ಒಳ್ಳೆಯ ಉಂಡೆ, ಕೊನೆಯ ಅಚ್ಚಿಗೆ ಅರ್ಧಂಬರ್ಧ ಹುಳದಾಕಾರದ ಗ್ರ್ಯಾಫೈಟ್ ಬರುವುದು ಈ ಕಾರಣದಿಂದ. ಜವಾಬ್ದಾರಿಯುಳ್ಳ ಫೌಂಡ್ರಿಗಳು ಕೊನೆಯ ಅಚ್ಚಿನ ತುಂಡನ್ನೇ ಸೂಕ್ಷ್ಮದರ್ಶಕಕ್ಕೆ ಕಳಿಸುತ್ತವೆ.

ಪೈಪಿನಲ್ಲಿ ಇನ್ನೂ ಒಂದು ಹಂತವಿದೆ. ವೇಗವಾಗಿ ತಿರುಗುವ ಲೋಹದ ಅಚ್ಚಿನಲ್ಲಿ ಎರಕವಾಗುವ ಪೈಪು ಬೇಗ ತಣಿಯುವುದರಿಂದ ಅದರಲ್ಲಿ ಸಿಮೆಂಟೈಟ್ ಉಳಿದಿರುತ್ತದೆ. ಉದ್ದನೆಯ ಕುಲುಮೆಯಲ್ಲಿ ಮತ್ತೆ ಕಾಯಿಸಿ ಅದನ್ನು ಒಡೆದು, ಉಂಡೆಗಳ ಸುತ್ತ ಮೆದುವಾದ ಫೆರೈಟನ್ನು ತರುತ್ತಾರೆ. ನೀವು ಕಂಡ ತಗ್ಗು ಆ ಫೆರೈಟಿನದು. ಉಂಡೆ ಗ್ರ್ಯಾಫೈಟೇ ಇದ್ದು ಸುತ್ತಲೂ ಪರ್ಲೈಟ್ ಇದ್ದರೆ ಬಲ 700 ಮೆಗಾಪಾಸ್ಕಲ್‌ಗೆ ಏರಿ ಹಿಗ್ಗುವಿಕೆ ಶೇ 2ಕ್ಕೆ ಇಳಿಯುತ್ತದೆ; ಕ್ರ್ಯಾಂಕ್‌ಶಾಫ್ಟಿಗೆ ಅದು ಸೈ, ಪೈಪಿಗೆ ಅಲ್ಲ.

ಸೈಟಿನಲ್ಲಿಯೇ ಗುರುತಿಸಬೇಕೆಂದರೆ ಸುತ್ತಿಗೆಯಿಂದ ತಟ್ಟಿ ನೋಡಿ. ಬೂದು ಬೀಡು ಮಂದವಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ, ಡಿಐ ಖಣಿಲೆನ್ನುತ್ತದೆ. ಪದರು ಗ್ರ್ಯಾಫೈಟ್ ಕಂಪನವನ್ನು ನುಂಗಿಕೊಳ್ಳುವ ಇದೇ ಗುಣಕ್ಕಾಗಿಯೇ ಲೇತ್ ಮೆಷೀನಿನ ಬೆಡ್‌ಗಳನ್ನು ಇಂದಿಗೂ ಬೂದು ಬೀಡಿನಲ್ಲಿ ಎರಕ ಹೊಯ್ಯುತ್ತಾರೆ ಎಂಬುದನ್ನು ಇಲ್ಲಿ ಸೇರಿಸಬೇಕು. ಹಳೆಯದೆಂದು ಅದನ್ನು ಕೀಳಾಗಿ ಕಾಣಬೇಕಾಗಿಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿ 1779ರಲ್ಲಿ ಕಟ್ಟಿದ ಬೀಡುಕಬ್ಬಿಣದ ಸೇತುವೆ ಇನ್ನೂ ನಿಂತಿದೆಯಂತೆ. ಆಮೇಲೆ ಹೆಚ್ಚು ತಿಳಿವಳಿಕೆಯಿಂದ ಕಟ್ಟಿದ ರೈಲ್ವೆ ಸೇತುವೆಗಳೇಕೆ ಕುಸಿದವು?
– ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಸೆವರ್ನ್ ನದಿಯ ಮೇಲಿನ ಆ ಸೇತುವೆಯನ್ನು 1779ರಲ್ಲಿ ನಿಲ್ಲಿಸಿ, 1781ರ ಹೊಸವರ್ಷದ ದಿನ ಸಂಚಾರಕ್ಕೆ ತೆರೆದರು. ಅದರ ಹರವು ಸುಮಾರು 30 ಮೀಟರ್. ಚೆಸ್ಟರಿನ ಡೀ ನದಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ವಿನ್ಯಾಸ ಮಾಡಿದ್ದ ರೈಲ್ವೆ ಸೇತುವೆಯ ಪ್ರತಿ ಅಂಕಣದ ಹರವೂ ಸುಮಾರು ಅಷ್ಟೇ. ಅದು 1847ರ ಮೇ 24ರಂದು ರೈಲು ದಾಟುತ್ತಿರುವಾಗಲೇ ಮುರಿದು ಐವರು ಸತ್ತರು. ಮೊದಲನೆಯದು ಕಮಾನು, ಎರಡನೆಯದು ತೊಲೆ. ಕಮಾನಿನಲ್ಲಿ ಭಾರವೆಲ್ಲ ಕಬ್ಬಿಣವನ್ನು ಒತ್ತುತ್ತದೆ. ಒತ್ತಿದಾಗ ಗ್ರ್ಯಾಫೈಟ್ ಪದರುಗಳ ಬಿರುಕುಗಳು ಮುಚ್ಚಿಕೊಳ್ಳುತ್ತವೆಯೇ ಹೊರತು ತೆರೆಯುವುದಿಲ್ಲ. ತೊಲೆ ಭಾರಕ್ಕೆ ಬಾಗುವಾಗ ಅದರ ಕೆಳಗಿನ ಅಂಚು ಎಳೆತಕ್ಕೆ ಸಿಗುತ್ತದೆ, ಅಲ್ಲಿ ಪದರಿನ ತುದಿಗಳು ಬಾಯಿ ಬಿಡುತ್ತವೆ. ಬೂದು ಬೀಡು ಒತ್ತಡಕ್ಕೆ ತಾಳುವ ಶಕ್ತಿ ಎಳೆತಕ್ಕೆ ತಾಳುವುದರ ಮೂರು ನಾಲ್ಕು ಪಟ್ಟು. ತೊಲೆಯ ಕೆಳ ಅಂಚನ್ನು ದಪ್ಪ ಮಾಡಬೇಕೆಂಬುದು ಆಗಿನ ಎಂಜಿನಿಯರರಿಗೂ ಪ್ರಯೋಗಗಳಿಂದ ಗೊತ್ತಿತ್ತು; ಆದರೆ ಒಳಗೆ ಪದರುಗಳಿವೆ ಎಂಬುದನ್ನು ನೋಡುವ ವಿಧಾನ ಇನ್ನೂ ಬಂದಿರಲಿಲ್ಲ, ಮೇಲಾಗಿ ರೈಲು ಮತ್ತೆ ಮತ್ತೆ ಓಡುವಾಗ ಸಣ್ಣ ಬಿರುಕು ಬೆಳೆಯುತ್ತಾ ಹೋಗುವ ಪರಿಯೂ ಆಗ ಸರಿಯಾಗಿ ತಿಳಿದಿರಲಿಲ್ಲ. ಡೀ ಸೇತುವೆಯ ಬೆನ್ನಲ್ಲೇ ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಬಳಕೆಯನ್ನು ಪರಿಶೀಲಿಸಲು ಅಲ್ಲಿನ ಸರ್ಕಾರ ರಾಯಲ್ ಕಮಿಷನ್ ಒಂದನ್ನು ನೇಮಿಸಿತು.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇನೆ. ಕಾಲಮ್ಮಿನಿಂದ ಹೊರಚಾಚಿದ ದಪ್ಪ ಟಿಎಂಟಿ ಸರಳುಗಳನ್ನು ಬಾರ್ ಬೆಂಡಿಂಗಿನವರು ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದಾರೆ. ಬೇಡವೆಂದರೆ ತಣ್ಣಗಾದ ಮೇಲೆ ಮೊದಲಿನಂತೆಯೇ ಆಗುತ್ತದೆ ಎನ್ನುತ್ತಾರೆ. ನಿಜವೆ?
– ಓದುಗರು, ತುಮಕೂರು

ಉತ್ತರ: ನಿಜವಲ್ಲ. ದಯವಿಟ್ಟು ಇಂದೇ ನಿಲ್ಲಿಸಿ, ಕಾಯಿಸಿದ ಸರಳುಗಳ ಬಗ್ಗೆ ನಿಮ್ಮ ಎಂಜಿನಿಯರಿಗೆ ತಿಳಿಸಿ.

ಟಿಎಂಟಿ ಸರಳಿನ ಬಲ ಅದರ ಮೈಯಲ್ಲಿದೆ. ರೋಲಿಂಗ್ ಮಿಲ್ಲಿನ ಕೊನೆಯ ರೋಲಿನಿಂದ ಸರಳು ಕೆಂಡದಂತೆ ಹೊರಬಂದ ಕೂಡಲೇ ನೀರಿನ ರಭಸದ ಧಾರೆಗಳ ನಡುವೆ ಹಾಯುತ್ತದೆ. ಹೊರಮೈ ಕ್ಷಣಾರ್ಧದಲ್ಲಿ ತಣಿದು ಮಾರ್ಟೆನ್ಸೈಟ್ ಎಂಬ ಅತಿ ಗಡಸು ರಚನೆಯಾಗುತ್ತದೆ. ತಿರುಳು ಮಾತ್ರ ಇನ್ನೂ ಕೆಂಪಗಿರುತ್ತದೆ. ನೀರಿನಿಂದ ಹೊರಬಂದ ಮೇಲೆ ತಿರುಳಿನ ಬಿಸಿ ಹೊರಕ್ಕೆ ಹರಿದು ಹೊರಮೈಯನ್ನು 600 ಡಿಗ್ರಿಯ ಆಸುಪಾಸಿಗೆ ಮತ್ತೆ ಕಾಯಿಸಿ, ಅದರ ಪೆಡಸುತನವನ್ನು ತೆಗೆಯುತ್ತದೆ. ತಿರುಳು ನಿಧಾನವಾಗಿ ತಣಿದು ಫೆರೈಟ್ ಮತ್ತು ಪರ್ಲೈಟ್ ಆಗುತ್ತದೆ. ಹೊರಗೆ ಬಲ, ಒಳಗೆ ಬಾಗುವ ಗುಣ. ಸರಳಿನ ತುಂಡೊಂದನ್ನು ಅಡ್ಡಲಾಗಿ ಕತ್ತರಿಸಿ ನಯಗೊಳಿಸಿ ನೈಟಾಲ್ ಸವರಿದರೆ, ಸೂಕ್ಷ್ಮದರ್ಶಕವಿಲ್ಲದೆಯೇ ಹೊರಸುತ್ತಿನಲ್ಲಿ ಕಡುಬಣ್ಣದ ಉಂಗುರ ಮೂಡುವುದನ್ನು ಕಾಣಬಹುದು. ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಮಿಲ್ಲಿನಲ್ಲಿ ನೀರು ಸಮನಾಗಿ ಬಿದ್ದಿಲ್ಲ ಎಂದರ್ಥ.

ಫೆ 500 ಡಿ ದರ್ಜೆಯಲ್ಲಿ ಇಂಗಾಲ ಶೇ 0.25ನ್ನು ಮೀರುವಂತಿಲ್ಲ. ಇಷ್ಟು ಕಡಿಮೆ ಇಂಗಾಲದ ಉಕ್ಕು ಗಾಳಿಯಲ್ಲಿ ತಾನಾಗಿ ತಣಿದರೆ 500 ಮೆಗಾಪಾಸ್ಕಲ್‌ನ ಹತ್ತಿರವೂ ಬರುವುದಿಲ್ಲ. ಆ ಬಲವನ್ನು ಕೊಟ್ಟಿದ್ದು ಉಂಗುರ. ಕೆಂಪಗೆ ಕಾಯಿಸಿ ಗಾಳಿಗೆ ಬಿಟ್ಟಾಗ ಉಂಗುರ ಅಳಿದು, ಸರಳು ಆ ಜಾಗದಲ್ಲಿ ಸಾದಾ ಮೈಲ್ಡ್ ಸ್ಟೀಲಾಗುತ್ತದೆ. ಬೇಗ ಆರಲೆಂದು ಅದರ ಮೇಲೆ ನೀರು ಎರಚಿದರೆ ಇನ್ನೂ ಅಪಾಯ, ಅಲ್ಲಿ ಪೆಡಸಾದ ಮಾರ್ಟೆನ್ಸೈಟ್ ಉಳಿದುಬಿಡಬಹುದು. ಹೊರಗಿನಿಂದ ನೋಡಿದರೆ ಎರಡೂ ಸರಳುಗಳಲ್ಲಿ ಪಕ್ಕೆಗೆರೆ ಒಂದೇ, ಅಚ್ಚೊತ್ತಿದ ಹೆಸರೂ ಒಂದೇ. ದಪ್ಪ ಸರಳನ್ನು ತಣ್ಣಗಿರುವಾಗಲೇ, ಸರಿಯಾದ ವ್ಯಾಸದ ಗೂಟದ ಸುತ್ತ, ಯಂತ್ರದಿಂದ ಬಗ್ಗಿಸಬೇಕು. ಇದೇ ಕಾರಣಕ್ಕೆ ಟಿಎಂಟಿ ಸರಳನ್ನು ಲೇತಿಗೆ ಹಾಕಿ ಮೈ ಕೆರೆದು ಬೋಲ್ಟ್ ಮಾಡಿಸಿಕೊಳ್ಳುವುದೂ ತಪ್ಪು: ಕೆರೆದು ಬಿಸಾಡುವುದು ಅದರ ಬಲವಾದ ಭಾಗವನ್ನೇ.

ಪ್ರಶ್ನೆ: ಇಂಗಾಲ ಹೆಚ್ಚಿದಷ್ಟೂ ಉಕ್ಕು ಪೆಡಸಾಗುತ್ತದೆ ಎನ್ನುತ್ತಾರೆ. ಹಾಗಾದರೆ ಮೈಸೂರು ಸೀಮೆಯ ಹಳೆಯ ಮೂಸೆಯ ಉಕ್ಕಿನಲ್ಲಿ ಶೇ 1.5ರಷ್ಟು ಇಂಗಾಲವಿದ್ದೂ ಅದರ ಕತ್ತಿಗಳು ಹೇಗೆ ಹೆಸರಾದವು?
– ಇತಿಹಾಸಾಸಕ್ತರು, ಮೈಸೂರು

ಉತ್ತರ: ಮೂಸೆಯಿಂದ ತೆಗೆದ ಗಟ್ಟಿಯನ್ನು ಹಾಗೆಯೇ ಬಡಿದರೆ ಅದು ಪುಡಿಯಾಗುವ ಸಾಧ್ಯತೆ ಇತ್ತು, ಅಷ್ಟು ಇಂಗಾಲವಿದ್ದಾಗ ಸಿಮೆಂಟೈಟ್ ಕಣಗಳ ಎಲ್ಲೆಯುದ್ದಕ್ಕೂ ಬಲೆ ಹೆಣೆದುಕೊಂಡಿರುತ್ತದೆ, ಬಿರುಕು ಆ ಬಲೆಯ ಗುಂಟ ಓಡುತ್ತದೆ. ಕುಶಲಿಗಳು ಅದನ್ನು ಹೆಚ್ಚು ಕಾಯಿಸದೆ, ಮತ್ತೆ ಮತ್ತೆ ಕುಲುಮೆಗಿಟ್ಟು ಹದವಾಗಿ ಬಡಿದಾಗ ಬಲೆ ಹರಿದು, ಸಿಮೆಂಟೈಟ್ ಸಣ್ಣ ಸಣ್ಣ ದುಂಡು ಕಣಗಳಾಗಿ ಸಾಲುಗಟ್ಟಿ ನಿಂತಿತು. ದುಂಡಗಿನ ಗಡಸು ಕಣಗಳು ಅಲಗಿಗೆ ಹರಿತ ಕೊಟ್ಟವು, ನಡುವಣ ಮೆದು ಭಾಗ ಮುರಿಯದಂತೆ ಹಿಡಿದಿಟ್ಟಿತು. ಆ ಸಾಲುಗಳೇ ಕತ್ತಿಯ ಮೈಮೇಲೆ ನೀರಿನ ಅಲೆಯಂಥ ವಿನ್ಯಾಸವಾಗಿ ಕಂಡವು. ಅದಿರಿನಲ್ಲಿದ್ದ ಅತ್ಯಲ್ಪ ವನೇಡಿಯಂನಂಥ ಧಾತುಗಳು ಈ ಸಾಲುಗಟ್ಟುವಿಕೆಗೆ ಕಾರಣವೆಂದು ಅಮೆರಿಕದ ವರ್ಹೋವನ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ತೋರಿಸಿದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾರೆ. ಆದರೆ ಅವರ ಬರಹದಲ್ಲಿ ಈ ಅಲೆಗಳ ಕಾರಣವನ್ನು ಹುಡುಕುವುದು ನ್ಯಾಯವಲ್ಲ.

ಪ್ರಶ್ನೆ: ಲಾರಿಯ ಕಮಾನು ಪಟ್ಟಿಯಿಂದ ಎರಡು ಕತ್ತಿಗಳನ್ನು ಮಾಡಿಸಿದೆ. ಒಂದರ ಅಂಚು ಕಾಡುಮರಕ್ಕೆ ತಾಗಿದರೆ ಚಕ್ಕೆ ಏಳುತ್ತದೆ, ಇನ್ನೊಂದರದು ಮಡಚಿಕೊಳ್ಳುತ್ತದೆ. ಪಟ್ಟಿ ಒಂದೇ, ಮಾಡಿದವರೂ ಒಬ್ಬರೇ. ಜೊತೆಗೆ ಇನ್ನೊಂದು ಪ್ರಶ್ನೆ: ಪಂಪ್‌ಸೆಟ್ಟಿನ ಒಡೆದ ಬೀಡಿನ ಕೇಸಿಂಗನ್ನು ವೆಲ್ಡ್ ಮಾಡಿಸಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಒಡೆಯುವುದೇಕೆ?
– ಅಡಕೆ ಬೆಳೆಗಾರರು, ಸಾಗರ

ಉತ್ತರ: ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಶೇ 0.5ರಿಂದ 0.6ರವರೆಗೆ ಇರುತ್ತದೆ, ಕತ್ತಿಗೆ ಅದು ಒಳ್ಳೆಯದೇ. ಮಡಚಿಕೊಳ್ಳುವ ಕತ್ತಿ ಸಾಕಷ್ಟು ಕಾದಿರಲಿಲ್ಲ, ಅಥವಾ ಕುಲುಮೆಯಿಂದ ತೊಟ್ಟಿಗೆ ಹೋಗುವಷ್ಟರಲ್ಲಿ ಆರಿತ್ತು. ಅದರಲ್ಲಿ ಪರ್ಲೈಟ್ ಉಳಿದಿದೆ. ಚಕ್ಕೆ ಏಳುವ ಕತ್ತಿ ಸರಿಯಾಗಿ ಗಡಸಾಗಿದೆ, ಆದರೆ ಆಮೇಲೆ ಹದಕ್ಕೆ ಬಂದಿಲ್ಲ. ಕಾದ ಉಕ್ಕನ್ನು ಥಟ್ಟನೆ ತಣಿಸಿದಾಗ ಇಂಗಾಲಕ್ಕೆ ಹೊರಬರಲು ಸಮಯ ಸಿಗದೆ ಕಬ್ಬಿಣದ ಹರಳಿನೊಳಗೇ ಸಿಕ್ಕಿಬಿದ್ದು ಅದನ್ನು ಹಿಗ್ಗಿಸಿ ಬಿಗಿಯುತ್ತದೆ. ಇದೇ ಮಾರ್ಟೆನ್ಸೈಟ್. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿದಾಗ ಇಂಗಾಲ ಸ್ವಲ್ಪ ಸ್ವಲ್ಪವೇ ಹೊರಬಂದು ಬಿಗಿ ಸಡಿಲುತ್ತದೆ.

ಕಮ್ಮಾರರಿಗೆ ಮೂರು ಮಾತು ಹೇಳಿ. ಒಂದು, ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಹತ್ತಿರವಿಟ್ಟುಕೊಳ್ಳಲಿ. ಕಾದ ಉಕ್ಕು 770 ಡಿಗ್ರಿಯ ಸುಮಾರಿಗೆ ಅದಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಹೆಚ್ಚು ಕಾಯಿಸಿದರೆ ಸಾಕು. ಬೆಳ್ಳಗಾಗುವವರೆಗೆ ಕಾಯಿಸಿದರೆ ಕಣಗಳು ದಪ್ಪವಾಗಿ ಕತ್ತಿ ಕೆಡುತ್ತದೆ. ಎರಡು, ಈ ಉಕ್ಕನ್ನು ನೀರಿಗಿಂತ ಎಣ್ಣೆಯಲ್ಲಿ ತಣಿಸುವುದು ಕ್ಷೇಮ, ನೀರಿನಲ್ಲಿ ಸೀಳುವ ಭಯವಿದೆ. ಮೂರು, ತಣಿಸಿದ ಅಲಗನ್ನು ಉಜ್ಜಿ ಹೊಳಪು ತಂದು ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿದರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಹೀಗೆ ಹಬ್ಬುತ್ತಾ ಬರುತ್ತದೆ. ಒಣಹುಲ್ಲಿನ ಬಣ್ಣ ಸುಮಾರು 230 ಡಿಗ್ರಿ, ನೀಲಿ ಸುಮಾರು 300. ಅಡಕೆ ಸುಲಿಯುವ ಮೆಟ್ಟುಗತ್ತಿಗೆ ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬಹುದು. ಮರ ಕಡಿಯುವ ಕತ್ತಿಯ ಅಂಚಿಗೆ ನೇರಳೆ ಬರುವವರೆಗೆ ಬಿಡಬೇಕು. ಚಕ್ಕೆ ಏಳುವ ಕತ್ತಿಯನ್ನು ಹೊಸದಾಗಿ ಮಾಡಬೇಕಿಲ್ಲ, ಈ ಮೂರನೆಯ ಹಂತವನ್ನು ಮಾಡಿದರೆ ಸಾಕಾಗಬಹುದು.

ಕೇಸಿಂಗಿನ ವಿಷಯ ಇದಕ್ಕೆ ದೂರವಲ್ಲ. ಬೆಸುಗೆಯ ಪಕ್ಕದ ಬೀಡು ಕೆಲವು ಕ್ಷಣ ಕಾದು, ಗ್ರ್ಯಾಫೈಟಿನ ಇಂಗಾಲವನ್ನು ಹೀರಿಕೊಂಡು, ಸುತ್ತಲಿನ ತಣ್ಣನೆಯ ಲೋಹದಿಂದಾಗಿ ಥಟ್ಟನೆ ತಣಿಯುತ್ತದೆ. ಅಲ್ಲಿ ಬಿಳಿ ಬೀಡು ಮತ್ತು ಮಾರ್ಟೆನ್ಸೈಟಿನ ತೆಳುವಾದ ಪಟ್ಟಿ ಉಳಿಯುತ್ತದೆ. ಬೆಸುಗೆ ಕುಗ್ಗುವಾಗ ಎಳೆಯುವುದು ಆ ಪಟ್ಟಿಯನ್ನೇ. ಸಾದಾ ರಾಡಿನ ಬದಲು ನಿಕಲ್ ರಾಡನ್ನು ಬಳಸಲು ಹೇಳಿ. ಒಂದೆರಡು ಅಂಗುಲದಷ್ಟೇ ಬೆಸೆದು, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಆರಿದ ಮೇಲೆ ಮುಂದುವರಿಸಬೇಕು. ಇಲ್ಲವಾದರೆ ಇಡೀ ಕೇಸಿಂಗನ್ನು ಮೊದಲೇ ಕಾಯಿಸಿ, ಬೆಸೆದ ಮೇಲೆ ಒಣಗಿದ ಮರಳಿನಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಬೇಕು. ಕೇಸಿಂಗ್ ಹಳೆಯದಾಗಿ ಒಳಮೈ ತುಕ್ಕು ಹಿಡಿದು ಪೊಳ್ಳಾಗಿದ್ದರೆ ಯಾವ ರಾಡೂ ಹಿಡಿಯುವುದಿಲ್ಲ, ಹೊಸದನ್ನೇ ಕೊಳ್ಳಿ.